ತಬೋಕ್ ದಡಕ್ಕೆ ಇಪ್ಪತ್ತು ಮಾರು

ಇಲಾಯಾ ಊರು, ಲಿನಾವ್ ಹೊಳೆ ದಡ,
ಬೊಹೋಲ್ ದ್ವೀಪ.
ತಾರೀಕು ಈ ಹಾಳೆಯ ಬೆನ್ನಿಗೇ ಇದೆ, ತಿರುಗಿಸಿ ನೋಡಿಕೋ. ಬೇರೆ ಕಾಗದ ಸಿಗದೆ ಕ್ಯಾಲೆಂಡರ್ ಹರಿದಿದ್ದೇನೆ.

ಮಗಳೇ ದೋರಾಯ್,

ಒಗೆಯುವುದನ್ನು ನಿಲ್ಲಿಸು. ಕೊಡತಿ ಕೆಳಗಿಡು. ಕೈ ಒರೆಸಿಕೊಂಡು ಆ ಕಲ್ಲಿನ ಮೇಲೇ ಕೂತು ಇದನ್ನು ಓದು. ನಿಂತು ಓದಬೇಡ.

ನಿನ್ನ ಅಣ್ಣ ಸೆಲ್ಸೊ ಹೋಗಿಬಿಟ್ಟ. ಇವತ್ತು ಬೆಳಕು ಹರಿಯುವ ಹೊತ್ತಿಗೆ ಅಳಿವೆಯಲ್ಲಿ ದೋಣಿ ಮಗುಚಿತು. ದೋಣಿ ದಾಟಿಸುವ ತಾನಿಸ್ ಏಡಿಬುಟ್ಟಿ ಎತ್ತೋಕೆ ಅಲ್ಲಿಗೆ ಹೋಗಿದ್ದ, ಅವನೇ ಎಳೆದು ತಂದ. ತೆಂಗಿನ ತೋಟದ ಒಳದಾರಿಯಲ್ಲಿ ಹೊತ್ತು ತಂದರು, ಅದಕ್ಕೇ ನಿಮ್ಮ ದಡದವರ ಕಣ್ಣಿಗೆ ಬೀಳಲಿಲ್ಲ. ನಾನು ಬರೆದು ಮುಗಿಸುವ ತನಕ ನಿಮ್ಮ ತಬೋಕ್‌ನಲ್ಲಿ ಯಾರಿಗೂ ಬಾಯಿ ಬಿಡಬಾರದು ಅಂತ ತಾನಿಸ್ ಕೈಲಿ ಆಣೆ ಮಾಡಿಸಿದ್ದೇನೆ. ನೋಡು, ಮತ್ತೆ ಆಣೆ. ಅರವತ್ತಾರು ವರ್ಷವಾದರೂ ಈ ಎಲುಬಿಲ್ಲದ ನಾಲಿಗೆ ಬುದ್ಧಿ ಕಲಿಯಲಿಲ್ಲ.

ಬೇರೆಯವರ ಬಾಯಿಂದ ನಿನಗೆ ಇದು ಗೊತ್ತಾಗಬಾರದು ಅನ್ನಿಸಿತು. ಹನ್ನೊಂದು ವರ್ಷ ನಿನಗೆ ಏನೇ ಹೇಳಬೇಕಾದರೂ ಬೇರೆಯವರ ಬಾಯಲ್ಲೇ ಹೇಳಿಕಳಿಸಿದೆ. ಎರಡನೇ ಕ್ಲಾಸು ಓದಿದ ಕೈ ಇದು. ಅಕ್ಷರ ಏಡಿ ನಡೆದ ಹಾಗಿದ್ದರೆ ನಗು, ಪರವಾಗಿಲ್ಲ.

ನಮ್ಮ ಕಂಬದ ಮನೆಯ ಏಣಿಯ ಕೆಳಗೆ ಬಡಗಿ ಪೆಟ್ಟಿಗೆಗೆ ಹಲಗೆ ಕೊಯ್ಯುತ್ತಿದ್ದಾನೆ. ಪಕ್ಕದ ಮನೆ ಫೆಲಿಸಾ ಬಂದು ಒಲೆ ಹಿಡಿದಿದ್ದಾಳೆ. ಬಂದವರಿಗೆಲ್ಲ ಶುಂಠಿ ನೀರು ಕಾಸಿಕೊಡುತ್ತಾ, ಯಾರಿಗೆ ಎಷ್ಟು ಸಕ್ಕರೆ ಅಂತ ನನ್ನನ್ನು ಕೇಳುತ್ತಾಳೆ. "ಹೆಣದ ಮನೇಲಿ ಸಕ್ಕರೆ ಲೆಕ್ಕ ಕೇಳ್ತೀಯಲ್ಲೇ, ನಿಂಗೇನು ತಲೆ ನೆಟ್ಟಗಿದೆಯಾ?" ಅಂತ ರೇಗಿದೆ. "ನೀವು ಬೈದ್ರೆ ನಂಗೆ ಸಮಾಧಾನ ಸಬೀನಕ್ಕ, ಬೆಳಿಗ್ಗೆಯಿಂದ ಸುಮ್ನಿದ್ರಲ್ಲ, ಹೆದರಿಕೆಯಾಗಿತ್ತು" ಅಂದಳು. ಮನೆ ಗುಡಿಸಬೇಡ ಅಂದಿದ್ದೇನೆ. ಹೆಣ ಇರುವಾಗ ಗುಡಿಸಿದರೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಅದರ ಹಿಂದೆ ಗುಡಿಸಿಕೊಂಡು ಹೋಗುತ್ತಾರೆ ಅಂತಾರಲ್ಲ. ಈ ಮನೆಯಲ್ಲಿ ಇನ್ನು ಗುಡಿಸೋಕೆ ಉಳಿದವಳು ನಾನೊಬ್ಬಳೇ, ಆದರೂ ಪದ್ಧತಿ ಪದ್ಧತಿ.

ನಿನ್ನ ಕೊಡತಿಯ ಸದ್ದು ಕೇಳುತ್ತಿದೆ. ಒಂದು ಏಟು. ಸ್ವಲ್ಪ ಬಿಟ್ಟು ಎರಡು ಏಟು. ಆಮೇಲೆ ಸುಮ್ಮನೆ. ಮತ್ತೆ ಒಂದು, ಬಿಟ್ಟು ಎರಡು. ಬೆಳಿಗ್ಗೆಯಿಂದ ಹೀಗೇ. ಮೊದಲು ನನಗೆ ಸಿಟ್ಟು ಬಂತು, ಇವಳ ಮನೆಯಲ್ಲಿ ಅದೆಷ್ಟು ಕೊಳೆಬಟ್ಟೆ ಅಂತ. ಅವನ ಮೈ ಒರೆಸುತ್ತಿದ್ದೆ ಆಗ. ಎದೆ ಒರೆಸಿದೆ, ಕಾಲು ಒರೆಸಿದೆ, ಉಗುರ ಸಂದಿಯ ಮರಳು ತೆಗೆದೆ. ಅವನ ಶಂಖ ಮೂಲೆಯಲ್ಲಿತ್ತು. ಸೊಂಟಕ್ಕೆ ಕಟ್ಟಿಕೊಂಡಿದ್ದನಂತೆ, ತಾನಿಸ್ ಬಿಚ್ಚಿ ಇಟ್ಟಿದ್ದ. ಅದನ್ನು ನೋಡಿದೆ. ಆಚೆ ದಡದಲ್ಲಿ ಮತ್ತೆ ಒಂದು, ಬಿಟ್ಟು ಎರಡು.

ಆಗ ನೆನಪಾಯಿತು. ನಿನಗೆ ಐದೋ ಆರೋ ವರ್ಷ. ನಿಮ್ಮಪ್ಪ ಹೋದ ಹೊಸತು. ಸೆಲ್ಸೊ ದೊಡ್ಡವರ ಜೊತೆ ಮೀನಿಗೆ ಹೋಗೋಕೆ ಶುರು ಮಾಡಿದ್ದ. ಅವನು ವಾಪಸ್ ಬರುವವರೆಗೆ ನೀನು ಅನ್ನ ಮುಟ್ಟುತ್ತಿರಲಿಲ್ಲ. ಅದಕ್ಕೆ ಅವನು ಅಳಿವೆ ದಾಟಿ ಹೊಳೆಯೊಳಗೆ ಬಂದ ಕೂಡಲೇ ಶಂಖ ಊದುತ್ತಿದ್ದ, ಒಂದು, ಬಿಟ್ಟು ಎರಡು. ಜೀವಂತ ಬಂದೆ ಅಂತ. ನೀನು ಒನಕೆ ಎತ್ತಿ ಒರಳಿಗೆ ಕುಟ್ಟುತ್ತಿದ್ದೆ, ಒಂದು, ಬಿಟ್ಟು ಎರಡು. ಕೇಳಿಸಿತು ಅಂತ. ಒರಳು ಒಡೆದುಹಾಕ್ತೀಯಾ ಮುಂಡೇದೇ ಅಂತ ನಾನು ನಿನ್ನ ಬೆನ್ನಿಗೆ ಹೊಡೆದದ್ದೂ ಇದೆ.

ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಶಂಖ ಕೇಳಿದೆ. ಮೀನು ಮಾರೋಕೆ ಊದುತ್ತಾನೆ ಅಂದುಕೊಂಡೆ. ದಿನಾ ಬೆಳಿಗ್ಗೆ ನಿನ್ನ ಕೊಡತಿ ಕೇಳಿದೆ. ಬಟ್ಟೆ ಒಗೆಯುತ್ತಾಳೆ ಅಂದುಕೊಂಡೆ. ನನ್ನ ಕಿವಿಯಡಿಯಲ್ಲೇ ನೀವಿಬ್ಬರೂ ದಿನಾ ಮಾತಾಡಿಕೊಂಡಿದ್ದೀರಿ. ಈ ಊರಲ್ಲಿ ಯಾರ ಮನೆ ಬೆಕ್ಕು ಯಾರ ಮನೆ ಒಣಮೀನು ಕದ್ದಿತು ಅಂತ ಹೇಳುವ ಸಬೀನಾಗೆ ಇದು ಗೊತ್ತಾಗಲಿಲ್ಲ ನೋಡು.

ಇವತ್ತು ಶಂಖ ಇಲ್ಲ. ನೀನು ಕೇಳುತ್ತಿದ್ದೀಯ, ಬಂದನಾ ಅಂತ. ಆ ಸದ್ದಿಗೆ ಉತ್ತರ ಕೊಡೋಕೆ ನನ್ನಿಂದ ಆಗುತ್ತಿಲ್ಲ. ಶಂಖ ಎತ್ತಿ ಊದಿ ನೋಡಿದೆ. ಹಲ್ಲಿಲ್ಲದ ಬಾಯಿ, ಬರೀ ಗಾಳಿ ಬಂತು.

ಈಗ ಮುಖ್ಯವಾದದ್ದು ಬರೆಯಬೇಕು.

ಅವನ ಕೊರಳಲ್ಲಿ ಒಂದು ಬಟ್ಟೆಗಂಟು ಇತ್ತು. ನೀರಲ್ಲಿ ಮುಳುಗದ ಹಾಗೆ ಕಾಯುವ ತಾಯತ ಅಂತ ಎಲ್ಲರಿಗೂ ಹೇಳುತ್ತಿದ್ದ. ಒಂದು ಸಲ ನಾನು, "ಯಾವ ಮಂತ್ರವಾದಿಗೆ ಮೀನು ಕೊಟ್ಟು ತಂದೆಯೋ ಇದನ್ನ, ತೆಗೆದು ಬಿಸಾಕು, ಪಾದ್ರಿಗಳು ನೋಡಿದ್ರೆ ನನ್ನನ್ನ ಬೈತಾರೆ" ಅಂದಿದ್ದೆ. "ಇದು ಬೇರೆ ಥರದ್ದಮ್ಮ, ಪಾದ್ರಿಗಳು ಬೇಜಾರು ಮಾಡ್ಕೊಳ್ಳಲ್ಲ" ಅಂದಿದ್ದ. ಇವತ್ತು ನೆನೆದು ಭಾರವಾಗಿತ್ತು. ಬಿಚ್ಚಿದೆ. ಒಳಗೆ ಒಣಶುಂಠಿಯ ಹಾಗಿರುವ ಎರಡು ಚೂರು. ಕೆಂಪು ದಾರದಲ್ಲಿ ಒಂದಕ್ಕೊಂದು ಬಿಗಿದು ಕಟ್ಟಿದೆ.

ನಿಮ್ಮ ಹೊಕ್ಕುಳಬಳ್ಳಿ, ದೋರಾಯ್. ಅವನದೂ ನಿನ್ನದೂ.

ಅದನ್ನು ಮೊದಲು ಕಟ್ಟಿದವಳು ನಾನೇ. ನೀನು ಹುಟ್ಟಿದ ಒಂಬತ್ತನೇ ದಿನ ನಿನ್ನದು ಉದುರಿತು, ಸೂಲಗಿತ್ತಿ ಮುಂದೆ ಕೂತು ಅವನದರ ಜೊತೆ ಸೇರಿಸಿ ಗಂಟು ಹಾಕಿ ಬಾಗಿಲ ಮೇಲೆ ನೇತುಹಾಕಿದೆ. ಒಂದೇ ಹೊಟ್ಟೆಯವರು ಕೊನೆತನಕ ಜಗಳವಾಡದೆ ಇರಲಿ ಅಂತ ಎಲ್ಲರೂ ಕಟ್ಟುವುದೇ. ನೀನು ಡೆನ್ಸ್ಯೋ ಜೊತೆ ಹೊಳೆ ದಾಟಿ ಓಡಿಹೋದೆಯಲ್ಲ, ಆ ದಿನ ನಾನು ಅದನ್ನು ಕೆಳಗಿಳಿಸಿ, ಗಂಟು ಬಿಚ್ಚಿ, ನಿನ್ನದನ್ನು ಏಣಿಯ ಮೇಲೆ ನಿಂತು ಇಳಿತದ ನೀರಿಗೆ ಎಸೆದೆ. ಊರೆಲ್ಲ ನೋಡುತ್ತಿತ್ತು. "ಹೊಕ್ಕುಳಬಳ್ಳಿ ಹೊಳೆ ಪಾಲಾದವಳು ತಿರುಗಿ ಮನೆಗೆ ಬರಲ್ಲ, ಇವತ್ತಿಂದ ನಂಗೆ ಒಂದೇ ಮಗು" ಅಂದೆ. ನಿನಗೂ ಈ ಮಾತು ತಲುಪಿರುತ್ತದೆ, ತಲುಪಲಿ ಅಂತಲೇ ಕೂಗಿ ಹೇಳಿದ್ದು.

ಸೆಲ್ಸೊ ಆ ಸಂಜೆ ಏಡಿ ಹಿಡಿಯೋಕೆ ಹೋಗ್ತೀನಿ ಅಂತ ಹೊಳೆಯಂಚಿನ ನೀಪಾ ತಾಳೆಗಿಡಗಳ ಕೆಸರಿಗೆ ಇಳಿದಿದ್ದ. ಸೊಂಟದವರೆಗೆ ಕೆಸರು ಮಾಡಿಕೊಂಡು ಬಂದ. ಒಂದು ಏಡಿಯೂ ಇರಲಿಲ್ಲ. "ಏಡಿ ಎಲ್ಲೋ?" ಅಂದೆ. "ಇವತ್ತು ಸಿಕ್ಕಿದ್ದು ತಿನ್ನೋದಲ್ಲ" ಅಂದ. ಏನೋ ಒಗಟು ಅಂತ ಬಿಟ್ಟೆ. ಏನು ಹುಡುಕೋಕೆ ಇಳಿದಿದ್ದ ಅಂತ ಇವತ್ತು ಗೊತ್ತಾಯಿತು.

ಡೆನ್ಸ್ಯೋ ವಿಷಯಕ್ಕೂ ಬರುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಹೆಣ್ಣು ಕೇಳಿದವನು ಹೆಣ್ಣಿನ ಮನೆಯಲ್ಲಿ ಒಂದು ವರ್ಷ ನೀರು ಹೊತ್ತು ಸೌದೆ ಸೀಳಬೇಕು, ಅದು ನಮ್ಮ ಹಿರಿಯರ ಕಟ್ಟಳೆ. ನಾನು ಎರಡು ವರ್ಷ ಮಾಡಿಸಿದೆ. ಅವನು ತುಂಬಿಸಿದ ಜಾಡಿಯ ನೀರನ್ನು ಹಿಂದಿನ ಬಾಗಿಲಲ್ಲಿ ಚೆಲ್ಲಿ, ಇನ್ನೂ ಅರ್ಧವೇ ಇದೆಯಲ್ಲೋ ಅನ್ನುತ್ತಿದ್ದೆ. ಅವನಿಗೆ ಗೊತ್ತಿತ್ತು. ಹಿತ್ತಲು ಒದ್ದೆ ಇರುತ್ತಿತ್ತಲ್ಲ. ಆದರೂ ಮತ್ತೆ ನೀರಿನ ಬಿದಿರು ಕೊಳವೆ ಹೆಗಲಿಗೆ ಏರಿಸುತ್ತಿದ್ದ. ಊರವರ ಮುಂದೆ, "ಅರ್ಧ ದಿನ ತೆಂಗಿನ ಮರದ ಮೇಲೆ ಕಳ್ಳು ಇಳಿಸ್ತಾ ಕೂತಿರೋನು, ನೆಲದ ಮೇಲೆ ಸಂಸಾರ ಮಾಡ್ತಾನಾ?" ಅಂತ ಆಡಿಕೊಂಡೆ. ಎಲ್ಲರೂ ನಕ್ಕರು. ಅವನೂ ನಕ್ಕ.

ಕಳ್ಳು ಇಳಿಸುವವನು ಅಂತ ನಾನು ಬೇಡ ಅಂದದ್ದಲ್ಲ ಮಗಳೇ. ಸೂರಿಗೆ ನೀಪಾ ಗರಿ ಹೊಲಿಯುವಾಗ ನೀನು ನನ್ನ ಎದುರಿಗೆ ಕೂತು ಹಾಡುತ್ತಿದ್ದೆ. ಆ ಜಾಗ ಖಾಲಿಯಾಗುತ್ತದೆ ಅಂತ ಭಯ. ಭಯವಾಗುತ್ತೆ ಅಂತ ಹೇಳೋಕೆ ಬರದೆ ಬೈದೆ. ನನಗೆ ಬರುತ್ತಿದ್ದದ್ದು ಅದೊಂದೇ.

ಇನ್ನೊಂದು ಸುಳ್ಳಿದೆ. ನೀನು ಹೋದ ವಾರ, "ಅಣ್ಣನೇ ನಿನ್ನ ಮುಖ ನೋಡಲ್ಲ ಅಂದಿದ್ದಾನೆ, ತಬೋಕ್‌ಗೆ ಕಾಲಿಡಲ್ಲವಂತೆ" ಅಂತ ನಿನಗೆ ಹೇಳಿಕಳಿಸಿದ್ದೆ. ಅವನು ಹಾಗೆ ಅಂದಿರಲಿಲ್ಲ. ಮರುದಿನವೇ ದೋಣಿ ಹತ್ತಿ ನಿನ್ನ ಹತ್ತಿರ ಹೊರಟಿದ್ದ, ಒಂದು ಜೊತೆ ಕೋಳಿ ಕಾಲು ಕಟ್ಟಿ ಹಿಡಿದುಕೊಂಡು. ನಾನು ಅವನನ್ನು ಎಳೆದುಕೊಂಡು ಹೋಗಿ ಅಪ್ಪನ ಸಮಾಧಿಯ ಶಿಲುಬೆ ಮೇಲೆ ಕೈ ಇಡಿಸಿದೆ. "ತಬೋಕ್ ಮಣ್ಣು ತುಳಿದ ದಿನ ನನ್ನ ತಾಯಿ ಸಾಯಲಿ, ತಂಗಿ ಜೊತೆ ಬಾಯಿಬಿಟ್ಟು ಒಂದು ಮಾತಾಡಿದ ದಿನ ನನ್ನ ತಾಯಿ ಸಾಯಲಿ" ಅಂತ ಹೇಳಿಸಿದೆ. ಹೇಳಿದ. ಆ ಕೋಳಿಗಳನ್ನು ವಾಪಸ್ ಗೂಡಿಗೆ ಬಿಟ್ಟ. ಅವತ್ತಿಂದ ನಿಮ್ಮ ದಡ ತುಳಿಯಲಿಲ್ಲ, ನಿನ್ನ ಜೊತೆ ಬಾಯಿಬಿಡಲಿಲ್ಲ. ಶಂಖ ಊದುವುದು ಮಾತಲ್ಲ ಅಂತ ಅವನು ಲೆಕ್ಕ ಹಾಕಿಕೊಂಡಿರಬೇಕು. ನನ್ನ ಮಗನೇ ತಾನೆ, ಒಳದಾರಿ ಗೊತ್ತಿರುತ್ತದೆ.

ಮದುವೆಯನ್ನೂ ಆಗಲಿಲ್ಲ. ಕೇಳಿದರೆ, "ತಂಗಿ ಬಂದು ನನ್ನ ಕಡೆಯಿಂದ ಹೆಣ್ಣು ಕೇಳ್ಬೇಕಲ್ಲಮ್ಮ, ಅವಳು ಬರ್ಲಿ" ಅನ್ನುತ್ತಿದ್ದ. "ಹಾಗಾದ್ರೆ ಬ್ರಹ್ಮಚಾರಿ ಸಂತನಾಗು, ನಿಂಗೂ ಒಂದು ಮೇಣದ ಬತ್ತಿ ಹಚ್ತೀನಿ" ಅನ್ನುತ್ತಿದ್ದೆ. ಈಗ ಹಚ್ಚಿದ್ದೇನೆ. ತಲೆಯ ಹತ್ತಿರ ಎರಡು, ಕಾಲಿನ ಹತ್ತಿರ ಎರಡು.

ನಿನ್ನ ಮಗಳ ಹೆಸರು ನನಗೆ ಗೊತ್ತು. ಒಂದು ಸಂಜೆ ಆಚೆ ದಡದಿಂದ "ಬಿನಾಯ್, ಮನೆಗೆ ಬಾರೇ" ಅಂತ ನೀನು ಕೂಗಿದೆ. ಗರಿ ಹೊಲಿಯುತ್ತಿದ್ದ ನಾನು ಎದ್ದು ನಿಂತೇಬಿಟ್ಟೆ. ನಿಮ್ಮಪ್ಪ ಸತ್ತ ಮೇಲೆ ನನ್ನನ್ನು ಹಾಗೆ ಕರೆದವರಿಲ್ಲ. ಅಷ್ಟು ಬೈದವಳ ಹೆಸರು ಮಗುವಿಗೆ ಯಾಕೆ ಇಟ್ಟೆಯೇ ಹುಚ್ಚಿ? ಗರಿಗಳ ಸಂದಿಯಲ್ಲಿ ಅವಳ ಲಂಗ ಮಾತ್ರ ಕಂಡಿದ್ದೇನೆ, ಮುಖ ಕಂಡಿಲ್ಲ. ಓಡುವುದು ನಿನ್ನ ಹಾಗೇ, ಮೊಣಕಾಲು ಒಳಗೆ.

ಈಗ ಕೇಳು. ನಾಳೆ ಬೆಳಗಿನ ಉಬ್ಬರಕ್ಕೆ ಹೂಳಬೇಕು. ನೀರು ಕುಡಿದ ಮೈ, ಇದಕ್ಕಿಂತ ಇಟ್ಟುಕೊಳ್ಳೋಕೆ ಆಗುವುದಿಲ್ಲ. ಹೂಳುವ ಮುಂಚೆ ಸತ್ತವರ ಕೈಯ ಜಪಸರದ ದಾರ ಕತ್ತರಿಸುತ್ತೇವಲ್ಲ, ಸಾವು ಒಬ್ಬರಿಂದ ಇನ್ನೊಬ್ಬರಿಗೆ ಮಣಿ ಮಣಿಯಾಗಿ ಸಾಗಬಾರದು ಅಂತ. ಈ ಗಂಟೂ ಹಾಗೇ. ಕಟ್ಟಿದ್ದನ್ನು ಹಾಗೇ ಅವನ ಜೊತೆ ಮಣ್ಣಿಗೆ ಹಾಕಿದರೆ ಸತ್ತವನು ಬದುಕಿದವಳನ್ನು ಎಳೆಯುತ್ತಾನೆ. ಅವನಿಗೆ ಮನಸ್ಸಿಲ್ಲದಿದ್ದರೂ ದಾರ ಎಳೆಯುತ್ತದೆ. ಬಿಚ್ಚಲೇಬೇಕು. ಫೆಲಿಸಾ ಕತ್ತರಿ ತಂದುಕೊಟ್ಟಳು. "ನೀವೇ ಕಟ್ಟಿದ್ದು, ನೀವೇ ಬಿಚ್ಚಬಹುದು, ತಪ್ಪಿಲ್ಲ" ಅಂದಳು. ನಾನು ಕಟ್ಟಿದ್ದನ್ನು ನಾನು ಒಂದು ಸಲ ಬಿಚ್ಚಿಯಾಗಿದೆಯಲ್ಲ, ಇದು ಅವನು ಕಟ್ಟಿದ ಗಂಟು. ನನ್ನ ಕೈಗೆ ಇದರ ಮೇಲೆ ಯಾವ ಹಕ್ಕೂ ಇಲ್ಲ. ಬಿಚ್ಚೋಕೆ ಇರುವುದು ನೀನೊಬ್ಬಳೇ.

ಅದಕ್ಕೇ ಬಾ. ಇವತ್ತು ಸಂಜೆಯ ನೀರಿಗೆ ಬಾ. ನಾನು ಸತ್ತು ಕೆಳಗಿಳಿಯುವ ತನಕ ನೀನು ಈ ಏಣಿ ಹತ್ತಬಾರದು ಅಂದಿದ್ದೆ. ಆ ಮಾತನ್ನು ಇಲ್ಲೇ, ಈ ಹಾಳೆಯ ಮೇಲೇ, ವಾಪಸ್ ತಗೊಂಡಿದ್ದೇನೆ. ಡೆನ್ಸ್ಯೋನನ್ನು ಕರೆದುಕೊಂಡು ಬಾ, ಅವನ ಹೆಗಲು ಬೇಕು, ಈ ಊರಲ್ಲಿ ಹೊರುವವರೆಲ್ಲ ಮುದುಕರು. ಜಾಡಿಯಲ್ಲಿ ನೀರು ತುಂಬಿದೆ ಅಂತ ಅವನಿಗೆ ಹೇಳು. ಬಿನಾಯ್‌ನನ್ನೂ ತಾ. ಮಾವನ ಮೈ ಮೇಲಿಂದ ಅವಳನ್ನು ಆಚೆ ಈಚೆ ದಾಟಿಸಬೇಕು, ಇಲ್ಲದಿದ್ದರೆ ಮಗು ಕನಸಲ್ಲಿ ಬೆಚ್ಚುತ್ತದೆ. ಒಂದು ಕಡೆ ನೀನು ಹಿಡಿ, ಇನ್ನೊಂದು ಕಡೆ ನಾನು ಹಿಡಿಯುತ್ತೇನೆ.

ನೀನು ಬರದಿದ್ದರೆ ಬೈಯುವುದಿಲ್ಲ. ನಾವೇ ಬರುತ್ತೇವೆ. ಸ್ಮಶಾನಕ್ಕೆ ದೋಣಿಯಲ್ಲೇ ಹೊಳೆ ಇಳಿಯಬೇಕಲ್ಲ, ನಾಳೆ ತಬೋಕ್ ದಡಕ್ಕೆ ಹೊಂದಿಸಿಕೊಂಡೇ ಹೋಗು ಅಂತ ತಾನಿಸ್‌ಗೆ ಹೇಳಿದ್ದೇನೆ. ನೀನು ಒಗೆಯುವ ಕಲ್ಲಿನ ಹತ್ತಿರ ನಿಲ್ಲಿಸಿ, ಪೆಟ್ಟಿಗೆಯನ್ನು ದಡಕ್ಕೆ ಇಳಿಸಿ, ನಾನೂ ಇಳಿಯುತ್ತೇನೆ. ಬಾಗಿಲು ಹಾಕಿಕೊಂಡಿದ್ದರೆ ಹಾಕಿಕೊಂಡಿರು. ಗಂಟನ್ನು ಕಲ್ಲಿನ ಮೇಲೆ ಇಟ್ಟು ಬೆನ್ನು ತಿರುಗಿಸಿ ಕೂರುತ್ತೇನೆ. ಬಂದು ಬಿಚ್ಚಿಟ್ಟು ಹೋಗು. ನನ್ನ ಮುಖ ನೋಡಬೇಕಾಗಿಲ್ಲ.

ಅಳು ಬಂದರೆ ಅಲ್ಲೇ ಅತ್ತು ಬಾ. ಅವನ ಮೇಲೆ ಕಣ್ಣೀರು ಬೀಳಬಾರದು, ಹೋಗುವವನಿಗೆ ದಾರಿ ಜಾರುತ್ತದೆ. ನಾನು ಅದಕ್ಕೇ ಅತ್ತಿಲ್ಲ.

ನಿನ್ನ ತಾಯಿ,
ಸಬೀನಾ

ಸಹಿ ಮಾಡಿದ ಮೇಲೆ ಬರೆದದ್ದು:

ಕಾಗದ ಮಡಚಿ ತಾನಿಸ್ ಕೈಗೆ ಕೊಟ್ಟಿದ್ದೆ. ದೋಣಿಯ ಹಗ್ಗ ಬಿಚ್ಚಿ ನಿಂತವನು, "ಎಲ್ಲಾ ಬರ್ದ್ರಾ ಅಕ್ಕ?" ಅಂದ. ಎಲ್ಲ ಬರೆದೆ ಅಂದೆ. ಅವನು ಕಾಲ ಹೆಬ್ಬೆರಳು ನೋಡುತ್ತಾ ನಿಂತ, ಹೊರಡಲಿಲ್ಲ. ಅವನು ಬೆಳಿಗ್ಗೆ ಹೇಳಿದ್ದರಲ್ಲಿ ಒಂದನ್ನು ನಾನು ಬರೆಯದೆ ಬಿಟ್ಟಿದ್ದೆ. ಕಾಗದ ಕಿತ್ತುಕೊಂಡು ಮತ್ತೆ ಏಣಿ ಹತ್ತಿದೆ.

ದೋಣಿ ಮಗುಚಿದ್ದು ನಿಮ್ಮ ದಡದ ಕಡೆ. ತಬೋಕ್‌ನ ಮರಳುದಿಣ್ಣೆ ಅವನಿಗೆ ಇಪ್ಪತ್ತು ಮಾರು ದೂರದಲ್ಲಿತ್ತು. ನಮ್ಮ ದಡ ಇನ್ನೂರು ಮಾರು, ಅದೂ ಇಳಿತದ ಸೆಳೆತಕ್ಕೆ ಎದುರಾಗಿ. ತಾನಿಸ್ ದೂರದಿಂದಲೇ, "ತಬೋಕ್ ಕಡೆ ಹತ್ತೋ, ಮರಳಿಗೆ ಹತ್ತೋ ಸೆಲ್ಸೊ" ಅಂತ ಗಂಟಲು ಹರಿಯುವ ಹಾಗೆ ಕೂಗಿದನಂತೆ. ಇವನಿಗೆ ಕೇಳಿಸಿತಂತೆ. ಮರಳು ನೋಡಿದನಂತೆ. ತಲೆ ಅಲ್ಲಾಡಿಸಿ ನಮ್ಮ ಕಡೆ ತಿರುಗಿ ಈಜಿದನಂತೆ.

ಅವನು ಆಣೆ ಮುರಿಯಲಿಲ್ಲ ದೋರಾಯ್. ನಾನು ಬದುಕಿದ್ದೇನೆ.

ಇದನ್ನು ಓದಿದ ಮೇಲೆ ಬರುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು. ಬರುವುದಾದರೆ ಕೊಡತಿ ಹೊಡಿ, ಒಂದು, ಬಿಟ್ಟು ಎರಡು. ಏಣಿಯ ಮೇಲೆ ಕೂತು ಕೇಳುತ್ತಿರುತ್ತೇನೆ. ಬರುವುದಿಲ್ಲ ಅಂದರೂ ಹೊಡಿ, ಕೇಳಿಸಿತು ಅಂತ.